ಒಲ್ಲೆ ಎಂಬುದರ ಕಾಗುಣಿತ

ಗುಟ್ಟಾಗಿ ಬರೆಯಬೇಕಾದ ದಿನಚರಿಯನ್ನು ಪಕ್ಕದಲ್ಲಿ ಕೂತವರ ಹತ್ತಿರ ಕಾಗುಣಿತ ಕೇಳಿ ಕೇಳಿ ಬರೆಯುವವಳು ಇಡೀ ಸೊಲ್ಲಾಪುರದಲ್ಲಿ ನಾನೊಬ್ಬಳೇ ಇರಬೇಕು. ಆ ಪಕ್ಕದವರು ಸ್ವಂತ ಅತ್ತೆಯೇ ಆಗಿದ್ದರೆ ಗುಟ್ಟಿನ ಗತಿ ಏನಾಗುತ್ತದೆ, ನೀವೇ ಊಹಿಸಿಕೊಳ್ಳಿ.

ಬರೆಯುವ ಹವ್ಯಾಸ ನನಗೆ ಸರಸ್ವತಿಯಿಂದ ಬಂದದ್ದಲ್ಲ, ತಲೆನೋವಿನಿಂದ ಬಂದದ್ದು. ನಾನು ಅಕ್ಕಲಕೋಟದ ಒಂದು ಕಚೇರಿಯಲ್ಲಿ ಕ್ಲಾರ್ಕ್. ವಾರವಿಡೀ ಎಸ್.ಟಿ. ಬಸ್ಸಿನಲ್ಲಿ ಹೋಗಿಬರುತ್ತೇನೆ. ತಲೆ ನೋಯತೊಡಗಿದಾಗ ಬಸ್ಸನ್ನು ಬೈದೆ, ಬಿಸಿಲನ್ನು ಬೈದೆ, ಫೈಲುಗಳ ಧೂಳನ್ನು ಬೈದೆ. ನೌಕರಿಯನ್ನೇ ಬಿಟ್ಟುಬಿಡಲೇ ಎನ್ನುವವರೆಗೂ ಹೋಯಿತು. ನಮ್ಮ ಓಣಿಯ ಡಾಕ್ಟರಮ್ಮ ಎಲ್ಲ ತಪಾಸಣೆ ಮಾಡಿಸಿ, ಎಲ್ಲಿಯೂ ಏನೂ ಸಿಗದೆ, "ನೌಕರಿ ಆಮ್ಯಾಲ ಬಿಡೀರಂತ. ಮೊದ್ಲ ದಿನಾ ಸಂಜಿಕಿ ಕುಂತು ಅವತ್ತಿಂದು ಬರೀರಿ. ತಲಿ ನೋಯೂಕಿಂತ ಮೊದ್ಲ ಏನಾತು, ಅದನ್ನ ತಪ್ಪಸಬ್ಯಾಡ್ರಿ" ಎಂದರು.

ಮೊದಲು ಮರಾಠಿಯಲ್ಲಿ ಬರೆದೆ. ನಾಲ್ಕನೆಯ ತರಗತಿಯ ಆಚೆಗೆ ನಾನು ಕಲಿತದ್ದೆಲ್ಲ ಮರಾಠಿಯಲ್ಲೇ. ಆದರೆ ಇಷ್ಟು ವರ್ಷ ಕಚೇರಿ ಪತ್ರ ಬರೆದ ಕೈ ನೋಡಿ, "ಸದರ್ ಕರ್ಮಚಾರ್ಯಾಚೆ ಡೋಕೆ ದುಖತ್ ಅಸಲ್ಯಾನೆ" ಎಂದು ಶುರುಮಾಡಿತು. ಅಂದರೆ, 'ಸದರಿ ನೌಕರರ ತಲೆ ನೋಯುತ್ತಿರುವುದರಿಂದ.' ಕೆಳಗೆ ಸಹಿ ಹಾಕಿ ಸಿಕ್ಕಾ ಒತ್ತುವುದೊಂದೇ ಬಾಕಿ. ಮರಾಠಿಯ ತಪ್ಪೇನೂ ಇಲ್ಲ. ಅದು ನನಗೆ ಅನ್ನ ಕೊಟ್ಟ ಭಾಷೆ. ಆದರೆ ನನಗೆ ಸಿಟ್ಟು ಬರುವುದು, ನಗು ಬರುವುದು, ಕನಸು ಬೀಳುವುದು ಎಲ್ಲ ಕನ್ನಡದಲ್ಲಿ. ಹೀಗಾಗಿ ಕನ್ನಡಕ್ಕೆ ಇಳಿದೆ. ಇಳಿದ ಮೇಲೆ ಗೊತ್ತಾಯಿತು, ಒತ್ತಕ್ಷರಗಳೆಲ್ಲ ನನ್ನನ್ನು ಮರೆತುಬಿಟ್ಟಿದ್ದವು.

ನನ್ನ ಅತ್ತೆ ತಮ್ಮ ತವರೂರು ಕರಜಗಿಯ ಕನ್ನಡ ಸಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವರು. ಸಂಜೆ ನಾನು ಬರೆಯಲು ಕೂತರೆ ಅವರು ಎದುರಿಗೆ ಶೇಂಗಾ ಸುಲಿಯುತ್ತ ಕೂರುತ್ತಿದ್ದರು.

"ಅತ್ತಿ, ಬ್ಯಾಸರ ಅಂತ ಹೆಂಗ ಬರೀತಾರ್ರಿ?"

"ಬಾಯಾಗ ಬ್ಯಾಸರ, ಪುಸ್ತಕದಾಗ ಬೇಸರ. ಯಾಕ, ಬ್ಯಾಸರ ಆಗ್ಯದೇನ?"

ಮತ್ತೊಂದು ದಿನ 'ಸಿಟ್ಟು' ಕೇಳಿದೆ. ಹೇಳಿಕೊಟ್ಟರು. ಆಮೇಲೆ ಶೇಂಗಾ ಸಿಪ್ಪೆ ಊದುತ್ತ, "ನನ್ನ ಮ್ಯಾಲ ಅಲ್ಲ ಹೌದಿಲ್ಲೊ?" ಎಂದರು. ಹೀಗೆ ನಾನು ಏನು ಬರೆಯುತ್ತಿದ್ದೇನೆ ಎಂಬುದು ನನಗಿಂತ ಮೊದಲು ಅವರಿಗೆ ತಿಳಿಯತೊಡಗಿತು. ಒಂದು ಸಲವೂ ಪುಟದೊಳಗೆ ಇಣುಕಿದವರಲ್ಲ. ಇಣುಕುವ ಅಗತ್ಯವೇ ಇರಲಿಲ್ಲ. (ಈ ಬರಹವನ್ನೂ ಅವರೇ ತಿದ್ದಿದ್ದಾರೆ. ಅವರ ಬಗ್ಗೆ ಇದರಲ್ಲಿ ಒಳ್ಳೆಯ ಮಾತೇ ಇದ್ದರೆ ಅದು ಕೇವಲ ಆಕಸ್ಮಿಕ.)

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಬರೆದದ್ದನ್ನೆಲ್ಲ ಓದಿಕೊಂಡು ಕೂತೆ. ಬಸ್ಸಿನ ಮೇಲೆ ನಾನು ಹೊರಿಸಿದ ಆಪಾದನೆ ಸುಳ್ಳಾಗಿತ್ತು. ಬರೀ ಕಚೇರಿಗೆ ಹೋಗಿಬಂದ ದಿನ ತಲೆ ತಣ್ಣಗಿತ್ತು. ನೋವು ಶುರುವಾಗುತ್ತಿದ್ದದ್ದು ಫೋನಿನಿಂದ. ಪುಣೆಯಿಂದಲೋ ವಿಜಯಪುರದಿಂದಲೋ ಬಳಗದ ಯಾರಾದರೂ ಫೋನು ಮಾಡುತ್ತಿದ್ದರು. "ಆಯ್ತವಾರ ಬರಾಕತ್ತೀವಿ, ಅಕ್ಕಲಕೋಟಕ್ಕ ಸ್ವಾಮಿ ದರ್ಶನಕ್ಕ. ನೀವೂ ಬರ್ರಿ, ನಿಮಗ ಎಲ್ಲಾ ಗೊತ್ತದ." ಪ್ರತಿಸಲವೂ ಅದರ ಕೆಳಗೆ ನನ್ನ ಅಕ್ಷರದಲ್ಲೇ ಇತ್ತು: 'ಆಗಲಿ ಅಂದೆ.' ಅದರ ಕೆಳಗೆ: 'ತಲೆನೋವು.' ವಾರವಿಡೀ ಅಕ್ಕಲಕೋಟಕ್ಕೆ ಹೋಗಿಬಂದವಳು ರಜೆಯ ದಿನವೂ ಸೀರೆ ಉಟ್ಟು, ಬುತ್ತಿ ಕಟ್ಟಿ, ಅದೇ ಅಕ್ಕಲಕೋಟಕ್ಕೆ ಹೊರಡುತ್ತಿದ್ದೆ. ದರ್ಶನದ ಸಾಲಿನಲ್ಲಿ ನಿಂತಾಗ ಸ್ವಾಮಿಗಳೇ ಬೇಸತ್ತು, 'ಮತ್ತ ನೀನ?' ಎಂದು ಕೇಳದೆ ಬಿಟ್ಟದ್ದು ಅವರ ದೊಡ್ಡಸ್ತಿಕೆ.

ಓದಿ ಮುಗಿಸಿ ಅತ್ತೆಯ ಹತ್ತಿರ ಹೋದೆ. "ಒಲ್ಲೆ ಅಂತ ಹೆಂಗ ಬರೀತಾರ್ರಿ?"

ಅತ್ತೆ ಶೇಂಗಾ ಕೆಳಗಿಟ್ಟರು. ಕ್ಯಾಲೆಂಡರಿನ ಹಳೆಯ ಹಾಳೆಯೊಂದರ ಬೆನ್ನಿಗೆ ದೊಡ್ಡದಾಗಿ, ದುಂಡಗೆ ಬರೆದು ತೋರಿಸಿದರು. "ಬರಿಯೂದು ಸಸಾರ ಅದ ನೋಡವ್ವ. ಅನ್ನೂದು ಕಠಿಣ. ನನಗ ಇನ್ನಾ ಬಂದಿಲ್ಲ. ನೀ ಅಂದ ನೋಡು."

ಆ ಶುಕ್ರವಾರವೇ ಪುಣೆಯಿಂದ ನನ್ನ ಗಂಡನ ಚಿಕ್ಕಪ್ಪನ ಮಗಳು ಸುನಂದಾಳ ಫೋನು ಬಂತು. ಮಕ್ಕಳು ಮರಿ ಎಲ್ಲ ಬರುತ್ತಾರಂತೆ. ನನ್ನ ಗಂಡನಿಗೆ ಚಾದರದ ವ್ಯಾಪಾರ. ಗಿರಾಕಿಗೆ ಇಲ್ಲ ಎನ್ನಲಾರದ ಮನುಷ್ಯ, ಇನ್ನು ಬಳಗಕ್ಕೆ ಅಂದಾರೆಯೇ? ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ಅತ್ತೆ ಶೇಂಗಾ ಸುಲಿಯುವುದನ್ನು ನಿಲ್ಲಿಸಿದ್ದು ಕಿವಿಗೇ ಗೊತ್ತಾಯಿತು.

"ಮನಿಗೆ ಬರ್ರಿ ಸುನಂದಾ, ನಾಷ್ಟಾ ಮಾಡ್ಕೊಂಡು ಹೋಗ್ರಿ. ಆದ್ರ ಅಕ್ಕಲಕೋಟಕ್ಕ ಈ ಸಲ ನಾ ಒಲ್ಲೆ. ನೀವ ಹೋಗಿಬರ್ರಿ."

ಬಳಗದ ಒಂದು ಮನೆ ಕೈತಪ್ಪಿತು ಎಂದುಕೊಂಡೆ. ಆದರೆ ಸುನಂದಾ, "ವೈನಿ, ಖರೇ ಹೇಳ್ಲೇನ್ರಿ? ಸಿಟ್ಟಾಗಬ್ಯಾಡ್ರಿ ಮತ್ತ. ನೀವು ಬಂದ್ರ ಪಟಾಪಟ್ ದರ್ಶನ ಮಾಡ್ಸಿ, ಬಸ್ಸಿಗಿ ಹತ್ತಿಸೇ ಬಿಡ್ತೀರಿ. ಮಕ್ಕಳಿಗಿ ಅಲ್ಲಿ ಬಾಜಾರ ತಿರುಗೂದದ, ಭಜಿ ತಿನ್ನೂದದ. ಕರೀದಿದ್ರ ನಿಮಗ ಬ್ಯಾಸರ ಆಗ್ತದಂತ ಕರೀತಿದ್ವಿ, ತ್ರಾಸ ಬ್ಯಾಡಂತ ನಿಮ್ಮ ಹಿಂದ ಓಡ್ತಿದ್ವಿ!" ಎಂದಳು.

ಇಷ್ಟು ದಿನ ನಾನು ಅವರಿಗಾಗಿ ಹೋಗುತ್ತಿದ್ದೆ, ಅವರು ನನಗಾಗಿ ಓಡುತ್ತಿದ್ದರು! ಫೋನು ಇಟ್ಟು ನಾನು ನಕ್ಕ ನಗೆಗೆ ಗಂಡ ಗಾಬರಿಯಾಗಿ ನೀರು ತಂದರು.

ರವಿವಾರ ಅವರೆಲ್ಲ ನಾಷ್ಟಾ ಮಾಡಿ ಹೊರಟ ಮೇಲೆ ಕೈಯಲ್ಲಿ ಒಂದು ಇಡೀ ದಿನ ಉಳಿಯಿತು. ಏನು ಮಾಡಬೇಕೆಂದು ತಿಳಿಯದೆ ಅತ್ತೆಯನ್ನು ಕೇಳಿದೆ, "ನಿಮಗೆಲ್ಲಿಗರೆ ಹೋಗೂದದೇನ್ರಿ?"

"ಕರಜಗಿಗೆ," ಎಂದರು. ಯೋಚಿಸಲೂ ಇಲ್ಲ. ಆ ಉತ್ತರ ಬಹಳ ವರ್ಷದಿಂದ ತುದಿನಾಲಿಗೆಯಲ್ಲೇ ಇತ್ತೆಂದು ಕಾಣುತ್ತದೆ, ಕೇಳಿದವರು ಇರಲಿಲ್ಲ.

ಮತ್ತೆ ಅದೇ ಬಸ್ಸು, ಅದೇ ರಸ್ತೆ. ಅಕ್ಕಲಕೋಟದಲ್ಲೇ ಇಳಿದು ಬೇರೆ ಬಸ್ಸು ಹಿಡಿದೆವು. ಕರಜಗಿಯಲ್ಲಿ ಅತ್ತೆ ದಾರಿ ಕೇಳದೆ ನನಗಿಂತ ಮುಂದೆ ಮುಂದೆ ನಡೆದರು. ಒಂದು ಕಟ್ಟೆಯ ಮೇಲೆ ಆಡುಗಳನ್ನು ನೆರಳಿಗೆ ಬಿಟ್ಟು ಕೂತಿದ್ದ ಮುದುಕಿಯೊಬ್ಬಳು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಯಾರ ನೀ? ನಮ್ಮ ಕಮಳಿ ಏನ?"

"ಹೌದ ಗಂಗೀ, ನಾನ!"

ಸಾಲೆಯಲ್ಲಿ ಒಂದೇ ಹಲಗೆಗೆ ಜಗಳಾಡಿದ ಗೆಳತಿಯರಿವರು. ಇಬ್ಬರೂ ಕೈ ಹಿಡಿದುಕೊಂಡು ಏನೇನೋ ನೆನೆದು, ಮಾತು ಮುಗಿಸುವ ಮೊದಲೇ ನಕ್ಕರು. ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿಯದೆ, ತಲೆ ಹಿಂದಕ್ಕೆ ಚೆಲ್ಲಿ ನಗುವುದನ್ನು ನಾನು ನೋಡಿದ್ದು ಅದೇ ಮೊದಲು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನನಗೆ ಅವರ ಹೆಸರು ಕಮಲಾಬಾಯಿ ಎಂದಷ್ಟೇ ಗೊತ್ತಿತ್ತು. ಕಮಳಿ ಆ ದಿನ ಸಿಕ್ಕಳು.

ವಾಪಸು ಬರುವಾಗ ಬಸ್ಸು ತುಂಬಿತ್ತು. ಹೊತ್ತು ಇಳಿಯುತ್ತಿದ್ದಂತೆ ಅತ್ತೆ ನನ್ನ ಭುಜದ ಮೇಲೆ ತಲೆಯಿಟ್ಟು ಮಲಗಿದರು. ಅವರಿಗೆ ಎಚ್ಚರವಾಗಬಾರದೆಂದು ಸೊಲ್ಲಾಪುರದವರೆಗೂ ಅಲುಗಾಡದೆ ಕೂತೆ.

ಮರುದಿನ ಭುಜ ಹಿಡಿದುಕೊಂಡಿತ್ತು. ಗಂಡ ಮುಲಾಮಿನ ಡಬ್ಬಿ ಹಿಡಿದು ಬಂದರು. "ತಿಕ್ಕಲೇನು?"

"ಈಗ ಬ್ಯಾಡ್ರಿ," ಎಂದೆ, "ಸಂಜಿಕಿ ಬರಿಯೂತನಕ ಇರ್ಲಿ ಇದು."