ಮುಟ್ಟಬಾರದ ದಾಳ

ನನ್ನ ಚಿಕ್ಕಮ್ಮ ಟಿವಿ ಧಾರಾವಾಹಿಗೆ ಕಥೆ ಬರೆಯುತ್ತಾಳೆ. ವಾರಕ್ಕೆ ಐದು ಕಂತು. ಇಷ್ಟು ವರ್ಷಗಳಲ್ಲಿ ಎಷ್ಟು ಜನರ ಮದುವೆ ಮಾಡಿಸಿದ್ದಾಳೋ, ಎಷ್ಟು ಜನರನ್ನು ಕೊಂದಿದ್ದಾಳೋ, ಅವಳಿಗೇ ನೆನಪಿಲ್ಲ. ಹೇಗಿದ್ದೀಯ ಅಂದರೆ "ಗಾಣದೆತ್ತು ಹೇಗಿರುತ್ತೆ ಹೇಳು" ಅನ್ನುತ್ತಾಳೆ. ಅವಳು ಹೇಳಿದ್ದನ್ನು ಟೈಪ್ ಮಾಡುವುದು ನನ್ನ ಕೆಲಸ. ಅವಳ ಆಕಳಿಕೆಗಳನ್ನೂ ಸೇರಿಸಿದ್ದರೆ ಕಂತುಗಳು ಇನ್ನೂ ಉದ್ದವಾಗುತ್ತಿದ್ದವು.

ತಲೆ ಓಡದಿದ್ದಾಗ ಅವಳು ಚಿತ್ರದ ದಾಳ ಹಾಕುತ್ತಾಳೆ. ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ ಚಿಕ್ಕಪ್ಪ ಮರದ ತುಂಡುಗಳನ್ನು ಉಜ್ಜಿ, ಒಂದೊಂದು ಮುಖಕ್ಕೂ ಒಂದೊಂದು ಚಿತ್ರ ಬಿಡಿಸಿ ಕೊಟ್ಟವು ಅವು: ಕೊಡೆ, ಬೀಗ, ಏಣಿ, ಬಸ್ಸು, ಸವೆದ ಚಪ್ಪಲಿ, ಆರಿದ ದೀಪ, ಹೀಗೆ. ಮೂರು ದಾಳ ಒಟ್ಟಿಗೆ ಹಾಕಬೇಕು, ಬಂದ ಮೂರು ಚಿತ್ರಗಳನ್ನೂ ಕಥೆಗೆ ತರಬೇಕು. ಬೇಡದ್ದು ಬಂತೆಂದು ಇನ್ನೊಂದು ಸಲ ಹಾಕುವಂತಿಲ್ಲ, ಬೆರಳು ತಾಗಿಸುವಂತೆಯೂ ಇಲ್ಲ. "ಬಂದದ್ದು ಬಂದ ಹಾಗೇ ಇರ್ಲಿ ಕಣೇ" ಎಂದು ಚಿಕ್ಕಪ್ಪ ಪಕ್ಕದಲ್ಲೇ ಕಾವಲು ಕೂರುತ್ತಿದ್ದರು. ಬೀಗ, ಕೊಡೆ, ಚಪ್ಪಲಿ ಬಂದ ದಿನ ನಾಯಕಿಯನ್ನು ಅತ್ತೆ ಮಳೆಯಲ್ಲಿ ಹೊರಗೆ ಹಾಕಿದಳು. ಜನ ಅತ್ತರಂತೆ, ನಾವು ಮಾತ್ರ ಬಿದ್ದು ಬಿದ್ದು ನಕ್ಕಿದ್ದೆವು.

ಕಳೆದ ವರ್ಷ ಚಿಕ್ಕಪ್ಪನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಯಿತು, ಮಾತು ನಿಂತೇಹೋಯಿತು. ಸ್ವಲ್ಪ ದಿನಕ್ಕೆ ಧಾರಾವಾಹಿಯಲ್ಲಿ ಒಬ್ಬ ಅಜ್ಜ ಹುಟ್ಟಿಕೊಂಡ. ಅವನು ಆಡುವುದೆಲ್ಲ ಚಿಕ್ಕಪ್ಪನ ಮಾತು ಎಂದು ಟೈಪ್ ಮಾಡುವಾಗಲೇ ನನಗೆ ಗೊತ್ತಾಯಿತು. "ಇದು ಟೀನೋ, ಪಾತ್ರೆ ತೊಳೆದ ನೀರೋ?" ಎಂದು ಅಜ್ಜ ಕೇಳಿದರೆ ಕುರ್ಚಿಯಲ್ಲಿ ಚಿಕ್ಕಪ್ಪ ಮೈ ಕುಲುಕಿಸಿ ನಗುತ್ತಿದ್ದರು. ಚಿಕ್ಕಮ್ಮ ಟಿವಿಗೇ ತಿರುಗಿ, "ಬೇಡವಾದ್ರೆ ನೀವೇ ಮಾಡ್ಕೊಳ್ಳಿ" ಎಂದು ಉತ್ತರ ಕೊಡುತ್ತಿದ್ದಳು.

ಈಚೆಗೆ ಒಂದು ಬೆಳಗ್ಗೆ ನಿರ್ದೇಶಕರ ಫೋನ್ ಬಂತು. ಅಜ್ಜನ ಪಾತ್ರದವರಿಗೆ ಸಿನಿಮಾ ಸಿಕ್ಕಿದೆ, ಬೇಗ ಕಳಿಸಿಬಿಡಿ. "ಹೇಗೆ ಕಳಿಸ್ತೀರೋ ನಿಮಗೆ ಬಿಟ್ಟಿದ್ದು. ಸತ್ತರೆ ಜನ ಚೆನ್ನಾಗಿ ನೋಡ್ತಾರೆ."

ಅಷ್ಟು ಜನರನ್ನು ಕಣ್ಣು ಮಿಟುಕಿಸದೆ ಕೊಂದವಳು ಮಧ್ಯಾಹ್ನದವರೆಗೂ ಒಂದು ಸಾಲು ಹೇಳಲಿಲ್ಲ. ಕೊನೆಗೆ ದಾಳದ ಡಬ್ಬಿ ತಂದು ಚಿಕ್ಕಪ್ಪನ ಮುಂದಿನ ಮೇಜಿನ ಮೇಲಿಟ್ಟಳು.

"ಬಸ್ಸು ಬರ್ಲಿ. ಎಲ್ಲೋ ಹೋದ ಅಂತ ಬರೀತೀನಿ. ಹೋದವನು ಯಾವತ್ತಾದ್ರೂ ವಾಪಸ್ ಬರಬಹುದು."

ಹಾಕಿದಳು. ಏಣಿ, ಕೊಡೆ, ಆರಿದ ದೀಪ.

ಚಿಕ್ಕಮ್ಮ ದೀಪದ ದಾಳವನ್ನು ಮೆಲ್ಲಗೆ ಬೆರಳಿನಿಂದ ಮಗುಚಿದಳು. ಬಸ್ಸು ಮೇಲೆ ಬಂತು. "ನೀನೇನೂ ನೋಡಿಲ್ಲ" ಎಂದಳು ನನಗೆ.

ಚಿಕ್ಕಪ್ಪ ನೋಡಿದ್ದರು. ಎಡಗೈ ಚಾಚಿ ಆ ದಾಳವನ್ನು ಹಿಡಿದರು. ಅದು ಜಾರಿತು, ಮತ್ತೆ ಹಿಡಿದರು. ಆರಿದ ದೀಪ ಮೇಲೆ ಬರುವವರೆಗೂ ತಿರುಗಿಸಿ, ಚಿಕ್ಕಮ್ಮನ ಮುಖವನ್ನೇ ನೋಡಿದರು. ಅವರಿಗೆ ಸಿಟ್ಟು ಬಂದಿರಲಿಲ್ಲ, ಸಾಕಾಗಿತ್ತು. ನನಗೆ ಅಳು ತಡೆಯಲಾಗಲಿಲ್ಲ.

"ಆಯ್ತು ರೀ" ಎಂದಳು ಚಿಕ್ಕಮ್ಮ. ಆಮೇಲೆ ನನಗೆ, "ಬರ್ಕೋ."

ಆ ಕಂತು ಬಂದದ್ದು ಶುಕ್ರವಾರ ಸಂಜೆ. ಮೂವರೂ ಕೂತು ನೋಡಿದೆವು. ಆರಿಹೋದ ದೀಪ ಸರಿಮಾಡಲು ಏಣಿ ಹತ್ತಿ ಇಳಿದ ಅಜ್ಜನಿಗೆ ಎದೆನೋವು. ಡಾಕ್ಟರನ್ನು ಕರೆತರಲು ಅವನ ಹೆಂಡತಿ ಕೊಡೆ ಹಿಡಿದು ಹೊರಟಳು. ಅಜ್ಜ ಅವಳ ಸೆರಗು ಹಿಡಿದು ನಿಲ್ಲಿಸಿದ. "ಬಂದದ್ದು ಬಂದ ಹಾಗೇ ಇರ್ಲಿ ಕಣೇ."

ಕುರ್ಚಿಯಲ್ಲಿ ಚಿಕ್ಕಪ್ಪನ ತುಟಿಗಳೂ ಅದೇ ಮಾತನ್ನು ಆಡಿದವು, ಸದ್ದಿಲ್ಲದೆ.

ಟಿವಿಯಲ್ಲಿ ಅಜ್ಜ ಕಣ್ಣು ಮುಚ್ಚಿದ. ನಾನು ಟಿವಿ ಆರಿಸಿದೆ. ಚಿಕ್ಕಮ್ಮ ಚಿಕ್ಕಪ್ಪನ ಬಾಯಿಯನ್ನು ಸೆರಗಿನಿಂದ ಒರೆಸಿ, ಅಲ್ಲೇ ನೆಲದ ಮೇಲೆ ಕೂತಳು.

"ಸೋಮವಾರದಿಂದ ನಾನು ಯಾರ ಹತ್ರ ಜಗಳ ಆಡ್ಲಿ ರೀ?"