ಚಿಪ್ಪಿನ ಪಿನ್ನು, ಬರಿಯ ಡಬ್ಬ

ನಾನು ಹೊಟ್ಟೆಕಿಚ್ಚಿನವಳು. ಮೊದಲೇ ಹೇಳಿಬಿಡುತ್ತೇನೆ, ಎರಡು ಪುಟ ಓದಿದ ಮೇಲೆ ನಿಮಗೇ ಗೊತ್ತಾಗುವುದಕ್ಕಿಂತ ನಾನೇ ಒಪ್ಪಿಕೊಂಡರೆ ಸ್ವಲ್ಪವಾದರೂ ಮರ್ಯಾದೆ ಉಳಿದೀತು. ಬಂಗಾರದ ಬಳೆ, ರೇಷ್ಮೆ ಸೀರೆ ನೋಡಿ ಹುಟ್ಟಿದ ಹೊಟ್ಟೆಕಿಚ್ಚಾಗಿದ್ದರೆ ಹೇಳಿಕೊಳ್ಳಲು ಒಂದು ಅಂತಸ್ತಾದರೂ ಇರುತ್ತಿತ್ತು. ನನ್ನದು ಹೆಬ್ಬೆರಳ ಉಗುರಿನಷ್ಟು ದೊಡ್ಡ ಒಂದು ತಗಡಿನ ಪಿನ್ನಿನ ಮೇಲೆ.

ಅರಿಷಡ್ವರ್ಗಗಳ ಪಟ್ಟಿಯಲ್ಲಿ ಮತ್ಸರಕ್ಕೆ ಕೊನೆಯ ಸ್ಥಾನ. ಕಾಮ, ಕ್ರೋಧಗಳಿಗೆ ಎದುರು ಸಾಲಿನ ಕುರ್ಚಿ; ಇದು ಮಾತ್ರ ಹಿಂದೆ ಕಂಬದ ಮರೆಯಲ್ಲಿ. ಪಾಪ, ಅದನ್ನು ನೋಡಿಯೇ ಅದರ ಹೊಟ್ಟೆ ಉರಿದಿರಬೇಕು. ಉಳಿದ ಐದೂ ಅನುಭವಿಸಿದವರಿಗೆ ಏನಾದರೊಂದು ಕೊಡುತ್ತವೆ. ಸಿಟ್ಟು ಬಂದವರಿಗೆ ಎರಡು ತಟ್ಟೆ ಕುಕ್ಕಿದ ಸಮಾಧಾನವಾದರೂ ಇದೆ. ಹೊಟ್ಟೆಕಿಚ್ಚಿನವರಿಗೆ ಸಿಗುವುದು ಹುಳಿತೇಗು ಮಾತ್ರ, ಅದೂ ಎದುರಿಗೆ ನಗುನಗುತ್ತಾ ಇರಬೇಕು.

ನಾವಿರುವುದು ದೋಹಾದ ಬಿನ್ ಮಹಮೂದ್ ಬಡಾವಣೆಯಲ್ಲಿ, ಲಿಫ್ಟು ತನಗೆ ಮನಸ್ಸು ಬಂದಾಗ ಮಾತ್ರ ಓಡುವ ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿ. ಮೂರನೆಯ ಮಹಡಿಯಲ್ಲಿ ಮಮತಾ ಇದ್ದಳು. ನನ್ನ ಊರು ಕಾರ್ಕಳದ ಹತ್ತಿರ, ಮನೆಮಾತು ತುಳು; ಅವಳು ಪುತ್ತೂರಿನ ಕಡೆಯವಳು, ಮನೆಯಲ್ಲಿ ಕನ್ನಡ. ನನಗಿಂತ ಆರು ವರ್ಷ ಚಿಕ್ಕವಳು, ಶೋಭಕ್ಕ ಎಂದು ಕರೆಯುತ್ತಿದ್ದಳು. ಅವಳ ಗಂಡ ಒಂದು ಕಟ್ಟಡ ಕಂಪೆನಿಯ ಆಫೀಸಿನಲ್ಲಿದ್ದರು. ಅವಳ ಮಗಳು ಅನಘಾ, ನನ್ನ ಮಗಳು ನಿಧಿ, ಇಬ್ಬರೂ ಒಂದೇ ತರಗತಿ. ಮೇಲಿನ ಮನೆಗೂ ಕೆಳಗಿನ ಮನೆಗೂ ನಡುವೆ ದಿನವೂ ಡಬ್ಬಗಳು ಮೆಟ್ಟಿಲು ಹತ್ತಿ ಇಳಿಯುತ್ತಿದ್ದವು.

ಈ ಡಬ್ಬದ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಕಡೆ ಯಾರಾದರೂ ಪಾತ್ರೆಯಲ್ಲಿ ಏನಾದರೂ ಕೊಟ್ಟರೆ ಆ ಪಾತ್ರೆಯನ್ನು ಬರಿದಾಗಿ ಹಿಂದೆ ಕಳಿಸುವುದಿಲ್ಲ. ನನ್ನ ಅಮ್ಮನಂತೂ ಏನೂ ಇಲ್ಲದ ದಿನ ಒಂದು ತುಂಡು ಬೆಲ್ಲ, ಅದೂ ಇಲ್ಲದಿದ್ದರೆ ಅಂಗಳದ ಗಿಡದಿಂದ ಒಂದು ಎಸಳು ಕರಿಬೇವು ಮುರಿದು ಹಾಕಿ ಕೊಡುತ್ತಿದ್ದಳು. ಬರಿ ಪಾತ್ರೆ ಕೊಟ್ಟರೆ "ಇನ್ನು ನಮಗೂ ನಿಮಗೂ ಸಾಕು" ಎಂದ ಹಾಗೆ. ಈಗ ಹೇಳಲಿರುವ ಹಡಗಿನ ಪ್ರವಾಸಕ್ಕೆ ಹೊರಡುವ ಮೊದಲು ನಾನು ಸುಕ್ಕಿನುಂಡೆ ಕಳಿಸಿದ್ದ ಕೆಂಪು ಮುಚ್ಚಳದ ಡಬ್ಬ ಮಮತಾಳಲ್ಲೇ ಇತ್ತು. ನೆನಪಿಟ್ಟುಕೊಳ್ಳಿ, ಅದು ಮತ್ತೆ ಬರುತ್ತದೆ.

ಎರಡು ಸಾವಿರದ ಇಸವಿಯ ಮೊದಲ ದಶಕದ ಕೊನೆಯ ಹೊತ್ತಿಗೆ ದುಬೈಯಿಂದ ಪ್ರವಾಸಿ ಹಡಗುಗಳು ಹೊರಡಲು ಶುರುವಾಗಿದ್ದವು. ಮಕ್ಕಳ ಚಳಿಗಾಲದ ರಜೆಯಲ್ಲಿ ಎರಡೂ ಮನೆಯವರು ಒಟ್ಟಿಗೆ ಹೋಗುವುದೆಂದಾಯಿತು. ಹೊರಡಿಸಿದವಳು ಮಮತಾ. "ಈ ವರ್ಷವೇ ಹೋಗುವ ಶೋಭಕ್ಕ, ಮುಂದಿನ ವರ್ಷ ಅಂತ ಹೇಳ್ಬೇಡಿ" ಎಂದು ಹಟ ಹಿಡಿದಳು. ಗಂಡಸರು ತಮ್ಮನ್ನು ಕೆಲಸಕ್ಕೆ ಕರೆಸಿಕೊಂಡ ಕಫೀಲರ ಹಿಂದೆ ಬಿದ್ದು, ದೇಶ ಬಿಟ್ಟು ಹೊರಡಲು ಬೇಕಾದ ಎಕ್ಸಿಟ್ ಪರ್ಮಿಟ್ ತಂದರು. ವಿಮಾನದಲ್ಲಿ ದುಬೈಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಮಸ್ಕತ್, ಫುಜೈರಾ, ಅಬುಧಾಬಿ, ಬಹರೇನ್. ದೋಹಾ ಆ ಸಲದ ಪಟ್ಟಿಯಲ್ಲಿರಲಿಲ್ಲ.

ಹಡಗು ಹತ್ತಿದೊಡನೆ ಮಕ್ಕಳ ಕುತ್ತಿಗೆಗೆ ಒಂದೊಂದು ಬಣ್ಣದ ಪಟ್ಟಿ ಹಾಕಿ, ಅದಕ್ಕೆ ನಾಲ್ಕು ನಾಲ್ಕು ಪಿನ್ನು ಚುಚ್ಚಿದರು. ಹಡಗಿನ ನೌಕರರ ಕುತ್ತಿಗೆಯಲ್ಲೂ ಅಂಥದೇ ಪಟ್ಟಿ, ಅದರ ತುಂಬ ಪಿನ್ನುಗಳು: ಒಂದರಲ್ಲಿ ಕೋಟೆ, ಒಂದರಲ್ಲಿ ಒಂಟೆ, ಒಂದರಲ್ಲಿ ಧೂಪದ ಭರಣಿ. ನಿಯಮ ಸುಲಭ. ನಿಮ್ಮದೊಂದು ಕೊಡಿ, ಅವರಲ್ಲಿರುವ ಯಾವುದು ಬೇಕಾದರೂ ಕೇಳಿ. ನೌಕರರು ಇಲ್ಲ ಎನ್ನುವ ಹಾಗಿಲ್ಲ. ಇದು ಮಕ್ಕಳ ಆಟ. ಮಕ್ಕಳು ಅದನ್ನು ಅರ್ಧ ದಿನ ಆಡಿ, ಈಜುಕೊಳ ಕಂಡ ಕೂಡಲೇ ಪಟ್ಟಿಗಳನ್ನು ನಮ್ಮ ಕುತ್ತಿಗೆಗೆ ಹಾಕಿ ಓಡಿಹೋದರು. ಆಟ ತಾಯಂದಿರ ಕೈಗೆ ಬಂತು. ತಾಯಂದಿರ ಕೈಗೆ ಬಂದ ಮೇಲೆ ಯಾವ ಆಟವೂ ಆಟವಾಗಿ ಉಳಿಯುವುದಿಲ್ಲ.

ಅಂದು ಮಧ್ಯಾಹ್ನ ಊಟದ ಹಾಲಿನಲ್ಲಿ ಗೋವಾದ ಒಬ್ಬ ಮೇಲ್ವಿಚಾರಕರು ನಮ್ಮ ಮೇಜಿನ ಬಳಿ ಬಂದರು. ಅವರ ಪಟ್ಟಿಯ ತುದಿಯಲ್ಲಿ ನಾನು ಅದನ್ನು ಕಂಡೆ. ನೀಲಿ ಹಿನ್ನೆಲೆ, ಬಾಯಿ ತೆರೆದ ಬಿಳಿ ಚಿಪ್ಪು, ಒಳಗೊಂದು ಪುಟ್ಟ ಮುತ್ತು, ಕೆಳಗೆ ದೋಹಾ ಎಂದು ಬರೆದಿತ್ತು. ಸಮುದ್ರದ ದಂಡೆಯಲ್ಲಿರುವ ನಮ್ಮ ಚಿಪ್ಪಿನ ಕಾರಂಜಿ! ಊರಿನಿಂದ ಯಾರೇ ಬಂದರೂ ಅದರ ಎದುರು ನಿಲ್ಲಿಸಿ ಫೋಟೋ ತೆಗೆಯದೆ ನಾವು ಬಿಡುವುದಿಲ್ಲ. ಹಿಂದಿನ ವರ್ಷ ಹಡಗು ದೋಹಾಕ್ಕೆ ಹೋಗಿದ್ದಾಗ ಮಾಡಿಸಿದ್ದಂತೆ. ಈಗ ಇಡೀ ಹಡಗಿನಲ್ಲಿ ಉಳಿದದ್ದು ಅದೊಂದೇ.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಅಷ್ಟರಲ್ಲಾಗಲೇ ಒಂಬತ್ತು ವರ್ಷ ದೋಹಾದಲ್ಲಿದ್ದ ನಾನು ಒಂದು ದಿನವೂ ಅದನ್ನು ನಮ್ಮೂರು ಎಂದವಳಲ್ಲ. ಜೂನ್ ಬಂದರೆ ಸೆಕೆಗೆ ಶಾಪ, ಮಾರ್ಚ್ ಬಂದರೆ ಧೂಳಿಗೆ ಶಾಪ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನನ್ನನ್ನು ನೋಡಿಯೇ ಹುಟ್ಟಿರಬೇಕು. ಆದರೆ ಆ ಗುಂಡಿಯಂಥ ಪಿನ್ನು ಕಂಡ ಕ್ಷಣ, ಮಸ್ಕತ್ತಿನ ಕೋಟೆ ಬಹರೇನಿನ ಒಂಟೆ ಎಲ್ಲ ಯಾರದೋ ಊರಿನವು, ಇದು ಮಾತ್ರ ನನ್ನದು ಅನ್ನಿಸಿಬಿಟ್ಟಿತು.

ಆ ಗೋವಾದವರು ನನ್ನ ಕಣ್ಣು ಎಲ್ಲಿದೆ ಎಂದು ನೋಡಿದರು. "ಮೇಡಂ, ಎಕ್ಸ್‌ಚೇಂಜ್ ಮಾಡೋದಾ?" ಎಂದು ಹಿಂದಿಯಲ್ಲಿ ಕೇಳಿದರು.

ನಾನು ಹೇಳಿದ್ದು ಏನು ಗೊತ್ತೇ? "ಬೇಡ ಬೇಡ, ಸುಮ್ಮನೆ ನೋಡಿದ್ದು."

ನಗಬೇಡಿ. ನಮ್ಮನ್ನು ಬೆಳೆಸಿದ್ದೇ ಹಾಗೆ. ಇನ್ನೊಬ್ಬರ ಮನೆಗೆ ಹೋದಾಗ ತಿಂಡಿ ಕೊಟ್ಟರೆ ಮೊದಲ ಸಲ ಬೇಡ ಎನ್ನಬೇಕು. ಎರಡನೆಯ ಸಲವೂ ಬೇಡ ಎನ್ನಬೇಕು. ಮೂರನೆಯ ಸಲ ಒತ್ತಾಯ ಮಾಡಿದಾಗ "ಹ್ಞಾ, ಒಂದೇ ಒಂದು" ಎಂದು ತೆಗೆದುಕೊಳ್ಳಬೇಕು. ಮೊದಲ ಸಲಕ್ಕೇ ಕೈ ಚಾಚಿದರೆ ಮನೆಗೆ ಬಂದ ಮೇಲೆ ಅಮ್ಮನಿಂದ ತೊಡೆಗೆ ಚಿವುಟು. ನಾನು ಆ ಮನುಷ್ಯನ ಎರಡನೆಯ ಸಲಕ್ಕಾಗಿ ಮುಖ ಅರಳಿಸಿ ಕಾದೆ. ಅವರು ತಲೆಬಾಗಿ "ಓಕೆ ಮೇಡಂ" ಎಂದು ಪಕ್ಕದ ಮೇಜಿಗೆ ಹೋದರು. ನಿಯಮದ ಪುಸ್ತಕದಲ್ಲಿ ಇಲ್ಲ ಎನ್ನಬಾರದು ಎಂದಿತ್ತೇ ಹೊರತು ಮೂರು ಸಲ ಕೇಳಬೇಕೆಂದು ಇರಲಿಲ್ಲ.

ನಿಧಿ ತಲೆ ಚಚ್ಚಿಕೊಂಡಳು. "ಅಮ್ಮ, ಬೇಕು ಅಂದ್ರೆ ಬೇಕು ಹೇಳ್ಬೇಕು. ಬೇಡ ಅಂದ್ರೆ ಅವರಿಗೆ ಹೇಗೆ ಗೊತ್ತಾಗೋದು?"

ಸಂಜೆ ಹೋಗಿ ಕೇಳಿದರಾಯಿತು ಎಂದುಕೊಂಡೆ. ಸಂಜೆ ಡೆಕ್ಕಿನ ಮೇಲೆ ಮಮತಾ ಬಂದಳು. ಅವಳ ಚೂಡಿದಾರದ ದುಪಟ್ಟಾದ ಮೇಲೆ ಆ ಚಿಪ್ಪು.

"ನೋಡಿ ಶೋಭಕ್ಕ, ನಮ್ಮ ದೋಹಾ! ಕೇಳಿದೆ, ಕೂಡ್ಲೇ ಕೊಟ್ರು."

ಕೇಳಿದೆ, ಕೊಟ್ಟರು! ಇಷ್ಟೇ. ಇಷ್ಟು ಸಣ್ಣ ವಾಕ್ಯ ನನ್ನ ಬಾಯಿಂದ ಹುಟ್ಟಿರಲಿಲ್ಲ. "ಅಯ್ಯೋ, ಎಷ್ಟು ಚೆಂದ ಉಂಟು ಮಾರಾಯ್ತಿ" ಎಂದೆ. ಒಳಗೆ ಯಾರೋ ಹಸಿಮೆಣಸು ಅರೆಯುತ್ತಿದ್ದರು.

ಅಲ್ಲಿಂದ ನನ್ನ ಪ್ರವಾಸ ಮುಗಿದ ಹಾಗೆಯೇ. ಮಸ್ಕತ್ತಿನ ಪೇಟೆಯಲ್ಲಿ ನಾನು ನೋಡಿದ್ದು ಮಮತಾಳ ದುಪಟ್ಟಾ. ಫುಜೈರಾದ ಗುಡ್ಡಗಳ ಮುಂದೆ ತೆಗೆದ ಫೋಟೋಗಳಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ, ನಾನೊಬ್ಬಳು ಪಕ್ಕಕ್ಕೆ ನೋಡುತ್ತಿದ್ದೇನೆ. ಸ್ವಾತಿ ಮಳೆಯ ಹನಿ ಚಿಪ್ಪಿಗೆ ಬಿದ್ದರೆ ಮುತ್ತಾಗುತ್ತದೆ ಎಂದು ನಮ್ಮ ಹಿರಿಯರು ನಂಬಿದ್ದರು. ಈ ಕೊಲ್ಲಿಯ ಹಿರಿಯರಾದರೋ ಮೂಗಿಗೆ ಕ್ಲಿಪ್ಪು ಸಿಕ್ಕಿಸಿ, ಕಾಲಿಗೆ ಕಲ್ಲು ಕಟ್ಟಿಕೊಂಡು ಅದೇ ಮುತ್ತಿಗಾಗಿ ತಳದವರೆಗೆ ಮುಳುಗುತ್ತಿದ್ದರು. ಒಂದು ಮುತ್ತಿಗೆ ಅಷ್ಟು ಉಸಿರು ಕಟ್ಟಿದವರಿದ್ದರು. ಬಾಯಿ ಬಿಟ್ಟು ಕೇಳಲಿಕ್ಕೆ ನನಗೇನು ಧಾಡಿಯಾಗಿತ್ತು ಎಂದು ಹಡಗಿನ ಕಟಕಟೆ ಹಿಡಿದು ನನ್ನನ್ನೇ ಬೈದುಕೊಂಡೆ.

ಅಬುಧಾಬಿಯ ದಿನ ಮಾನ ಬಿಟ್ಟು ಕೇಳಿಯೇ ಬಿಟ್ಟೆ. "ಮಮತಾ, ಅದಕ್ಕೆ ನನ್ನ ಮೂರು ಕೊಡ್ತೇನೆ. ಒಂಟೆಯೂ ಸೇರಿ."

ಅವಳು ಪಿನ್ನಿನ ಮೇಲೆ ಬೆರಳಿಟ್ಟುಕೊಂಡಳು. "ಇದೊಂದು ಬಿಟ್ಟು ಯಾವುದು ಬೇಕಾದ್ರೂ ತಕ್ಕೊಳ್ಳಿ ಶೋಭಕ್ಕ."

ಇದೊಂದು ಬಿಟ್ಟು! ರಾತ್ರಿ ಊಟದಲ್ಲಿ ನಮ್ಮವರ ಹತ್ತಿರ ದೂರು ಹೇಳಿದೆ. ಅವರು ಮೀನಿನ ಮುಳ್ಳು ತೆಗೆಯುತ್ತಾ, "ದೋಹಾದ ಪಿನ್ನು ನಿನಗೆ ಎಂತಕ್ಕೆ? ದೋಹಾವೇ ನಿನಗೆ ಆಗುದಿಲ್ಲ ಅಲ್ವಾ?" ಎಂದರು. ಗಂಡಂದಿರಿಗೆ ಸರಿಯಾದ ಮಾತು ತಪ್ಪಾದ ಹೊತ್ತಿಗೇ ಹೊಳೆಯುತ್ತದೆ.

ದೋಹಾಕ್ಕೆ ಮರಳಿ ನಾಲ್ಕು ದಿನವಾಗಿರಬಹುದು, ಮಮತಾಳ ಸ್ಟೀಲ್ ಡಬ್ಬದಲ್ಲಿ ಪತ್ರೊಡೆ ಬಂತು. ಮಲಯಾಳಿ ಅಂಗಡಿಯಲ್ಲಿ ಕೆಸುವಿನ ಎಲೆ ಸಿಕ್ಕಿತ್ತಂತೆ. ಪತ್ರೊಡೆಯನ್ನು ಬಿಡುವಷ್ಟು ನನ್ನ ಹೊಟ್ಟೆಕಿಚ್ಚು ಬೆಳೆದಿರಲಿಲ್ಲ. ಐದು ತುಂಡು ತಿಂದೆ. ಡಬ್ಬ ತೊಳೆದೆ, ಒರೆಸಿದೆ. ಸಕ್ಕರೆಯ ಭರಣಿ ಕೈಗೆ ಸಿಗುವಲ್ಲೇ ಇತ್ತು. ಫ್ರಿಜ್ಜಿನಲ್ಲಿ ಕರಿಬೇವೂ ಇತ್ತು. ನಾನು ಏನನ್ನೂ ಹಾಕಲಿಲ್ಲ. ಮರೆತದ್ದಲ್ಲ, ಬೇಕೆಂದೇ ಮುಚ್ಚಳ ಒತ್ತಿ ನಿಧಿಯ ಕೈಯಲ್ಲಿ ಮೇಲೆ ಕಳಿಸಿದೆ. ನಲವತ್ತು ವರ್ಷದಲ್ಲಿ ನಾನು ಹಿಂದೆ ಕಳಿಸಿದ ಮೊದಲ ಬರಿ ಡಬ್ಬ ಅದು.

ನಿಧಿ ಇಳಿದು ಬಂದಳು. "ಆಂಟಿ ಏನೆಂದರು?" ಎಂದು ಕೇಳಿದೆ.

"ಓಪನ್ ಮಾಡಿ ನೋಡಿದ್ರು. ಮತ್ತೆ ಮುಚ್ಚಿದ್ರು. ಥ್ಯಾಂಕ್ಸ್ ಹೇಳು ಅಂದ್ರು."

ಗೆದ್ದೆ ಅನ್ನಿಸಬೇಕಿತ್ತು. ಉಳಿದ ಪತ್ರೊಡೆಯನ್ನೆಲ್ಲ ನಮ್ಮವರ ತಟ್ಟೆಗೆ ಹಾಕಿಬಿಟ್ಟೆ.

ಎರಡು ವಾರ ಮೆಟ್ಟಿಲಲ್ಲಿ ಡಬ್ಬಗಳ ಓಡಾಟವಿರಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ನಮ್ಮವರು ಆಫೀಸಿನಿಂದ ಬಂದು ಶೂ ಬಿಚ್ಚುವ ಮೊದಲೇ ಹೇಳಿದರು: "ಮಮತಾ ಅವರ ಗಂಡನ ಕೆಲಸ ಖಲಾಸ್. ಫೈನಲ್ ಎಕ್ಸಿಟ್, ಇನ್ನು ಊರಿಗೇ. ಹಡಗಿಗೆ ಹೋಗುವ ಮೊದಲೇ ಕಂಪೆನಿ ಕಾಗದ ಕೊಟ್ಟಿತ್ತಂತೆ. ಯಾರಿಗೂ ಹೇಳ್ಲಿಲ್ಲ."

ಒಂದೇ ಉಸಿರಿಗೆ ಮೇಲೆ ಹತ್ತಿದೆ. ಮನೆಯ ತುಂಬ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳು, ಗೋಡೆಯಲ್ಲಿ ಕ್ಯಾಲೆಂಡರ್ ಇದ್ದ ಚೌಕ. ಮಮತಾ ಪೆಟ್ಟಿಗೆಯ ಮೇಲೆ ಮಾರ್ಕರಿನಿಂದ ಪುತ್ತೂರಿನ ವಿಳಾಸ ಬರೆಯುತ್ತಿದ್ದಳು.

"ಯಾಕೆ ಹೇಳ್ಲಿಲ್ಲ ಮಾರಾಯ್ತಿ?" ಎಂದೆ.

"ಹೇಳಿದ್ರೆ ನೀವು ಹಡಗಲ್ಲಿ ನಗ್ತಿರ್ಲಿಲ್ಲ ಶೋಭಕ್ಕ. ಕೊನೇ ಸಲ ಎಲ್ರೂ ನಗ್ಲಿ ಅಂತ." ಮಾರ್ಕರಿನ ಮುಚ್ಚಳ ಹಾಕಿದಳು. "ಅನಘಾ ಹುಟ್ಟಿದ್ದೇ ಇಲ್ಲಿ. ಅವಳಿಗೆ ಊರು ಅಂದ್ರೆ ದೋಹಾ. ಪುತ್ತೂರು ಅಂದ್ರೆ ಅಜ್ಜಿಮನೆ ಅಷ್ಟೇ."

ಆಗ ತಿಳಿಯಿತು, ಇದೊಂದು ಬಿಟ್ಟು ಎಂದದ್ದು ಯಾಕೆಂದು. ಎಷ್ಟು ನಾಚಿಕೆಯಾಯಿತೆಂದರೆ, ಅವಳ ಎದುರು ನಿಲ್ಲಲಾಗದೆ ಅಡಿಗೆಮನೆಗೆ ಹೋಗಿ ಅವಳ ಪಾತ್ರೆಗಳನ್ನು ಕಾಗದದಲ್ಲಿ ಸುತ್ತತೊಡಗಿದೆ. ಆ ಸ್ಟೀಲ್ ಡಬ್ಬವೂ ಕೈಗೆ ಬಂತು. ಅದಕ್ಕೆ ಎರಡು ಸುತ್ತು ಹೆಚ್ಚು ಕಾಗದ ಸುತ್ತಿದೆ, ತಪ್ಪಿಗೆ ಅದು ಸಾಲದೆಂದು ಗೊತ್ತಿದ್ದೂ.

ಹೊರಡುವ ಶುಕ್ರವಾರ ಬೆಳಿಗ್ಗೆ ಟ್ಯಾಕ್ಸಿ ಕೆಳಗೆ ನಿಂತಿತ್ತು. ಮಮತಾ ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ನನ್ನ ಕೆಂಪು ಮುಚ್ಚಳದ ಡಬ್ಬ.

"ನಿಮ್ಮದು ನನ್ನಲ್ಲೇ ಉಳಿದಿತ್ತು. ಅಡಿಗೆಮನೆ ಪೂರಾ ಖಾಲಿ ಶೋಭಕ್ಕ, ಒಂದು ಚಮಚ ಸಕ್ಕರೆ ಸಹ ಇಲ್ಲ. ಬರೀ ಡಬ್ಬ ಕೊಡ್ಲಿಕ್ಕೆ ಮನಸ್ಸು ಬರ್ಲಿಲ್ಲ."

ಕೈಗೆ ತೆಗೆದುಕೊಂಡಾಗ ಒಳಗೆ ಏನೋ ಕಟಕಟ ಎಂದಿತು. ತೆರೆದೆ. ಚಿಪ್ಪು, ಅದರೊಳಗೆ ಮುತ್ತು.

"ಇದು ಬೇಡ. ಅನಘಾನದ್ದು ಇದು" ಎಂದೆ.

"ಅವಳೇ ಕೊಟ್ಟದ್ದು. ಇಟ್ಕೊಳ್ಳಿ."

"ಬೇಡ ಮಮತಾ." ಈ ಸಲ ನಾನು ನಿಜವಾಗಿ ಬೇಡ ಎಂದದ್ದು.

ಅವಳು ನಕ್ಕಳು, ಕಣ್ಣಲ್ಲಿ ನೀರಿತ್ತು. "ಎರಡು ಸಲ ಆಯ್ತು. ಈಗ ಮೂರನೇ ಸಲ ಹೇಳ್ತಾ ಇದ್ದೇನೆ, ತಕ್ಕೊಳ್ಳಿ" ಎಂದು ಡಬ್ಬದ ಮುಚ್ಚಳ ತಾನೇ ಒತ್ತಿ, ಕೆಳಗಿಳಿದು ಹೋದಳು.

ನನ್ನ ಬರಿ ಡಬ್ಬಕ್ಕೆ ಅದು ಉತ್ತರವೋ, ಅಥವಾ ಅದನ್ನು ಅವಳು ಯಾವಾಗಲೋ ಮರೆತಿದ್ದಳೋ ನನಗೆ ಇಂದಿಗೂ ಗೊತ್ತಿಲ್ಲ. ಫೋನಿನಲ್ಲಿ ಮಾತಾಡುವಾಗ "ಚಿಪ್ಪು ಹೇಗುಂಟು?" ಎಂದು ಕೇಳುತ್ತಾಳೆ, ಡಬ್ಬದ ಸುದ್ದಿ ಎತ್ತುವುದಿಲ್ಲ. ನಾನೂ ಎತ್ತಿಲ್ಲ. ಹೊಟ್ಟೆಕಿಚ್ಚು ಮಾತ್ರ ಹೋಗಿಲ್ಲ. ಪಿನ್ನು ನನಗೆ ಬಂತು, ದೊಡ್ಡತನ ಅವಳ ಜೊತೆ ಪುತ್ತೂರಿಗೆ ಹೋಯಿತು. ಈಗ ಉರಿಯುವುದು ಅದರ ಮೇಲೆ. ಆ ದೊಡ್ಡತನ ಕಲಿಯಬೇಕೆಂದು ಬಹಳ ಸಲ ಅಂದುಕೊಂಡಿದ್ದೇನೆ.

ಮೊನ್ನೆ ಮೂರನೆಯ ಮಹಡಿಗೆ ಹೊಸದಾಗಿ ಬಂದ ಹುಡುಗಿ ಸಕ್ಕರೆ ಕೇಳಲು ಬಂದಳು. ಉಡುಪಿಯವಳು, ಮದುವೆಯಾಗಿ ಆರು ತಿಂಗಳಾಗಿದೆಯಷ್ಟೆ. ಗೋಡೆಯ ಕಸೂತಿ ಬಟ್ಟೆಗೆ ಚುಚ್ಚಿಟ್ಟ ಚಿಪ್ಪಿನ ಮೇಲೆ ಅವಳ ಕಣ್ಣು ಹೋಯಿತು, ಅಲ್ಲೇ ನಿಂತಿತು. ಆ ನೋಟ ನನಗೆ ಗೊತ್ತಿಲ್ಲವೇ? ಮಮತಾಳನ್ನು ನೆನೆದು ಮನಸ್ಸು ಗಟ್ಟಿ ಮಾಡಿಕೊಂಡು ಕೇಳಿದೆ: "ಬೇಕಾ ನಿನಗೆ?"

"ಬೇಡ ಬೇಡ ಅಕ್ಕ, ಸುಮ್ಮನೆ ನೋಡಿದ್ದು" ಎಂದು ಮುಖ ಅರಳಿಸಿ ನಿಂತಳು.

ಅವಳ ಡಬ್ಬದ ತುಂಬ ಸಕ್ಕರೆ ಹಾಕಿ ಕಳಿಸಿದೆ. ಎರಡನೆಯ ಸಲ ಕೇಳಲಿಲ್ಲ.