ಪ್ರಶ್ನೆ ಕೇಳುವವರ ವಂದನಾರ್ಪಣೆ

ನನ್ನ ಭಾವನವರು ಕ್ಷೌರದಂಗಡಿ ಇಟ್ಟವರು. ಅವರಿಗೆ ಪ್ರಶ್ನೆ ಕೇಳುವ ಚಟ ಹತ್ತಿದ್ದಕ್ಕೆ ಅವರ ಕಸುಬೇ ಕಾರಣ ಎಂಬುದು ನನ್ನ ವಾದ. ಕೊರಳಿಗೆ ಬಿಳಿ ಬಟ್ಟೆ ಬಿಗಿದು, ಕೆನ್ನೆಗೆ ನೊರೆ ಹಚ್ಚಿ, ಕತ್ತಿಯನ್ನು ಗಂಟಲ ಹತ್ತಿರ ತಂದು, "ಅಲ್ಲ ಸ್ವಾಮಿ, ಈ ಯುದ್ಧ ನಿಲ್ಲೋದು ಯಾವಾಗ ಅಂತೀರಿ?" ಎಂದು ಕೇಳಿದರೆ ಯಾವ ಗಂಡಸು ತಾನೇ ಎದ್ದು ಹೋದಾನು? ವರ್ಷಗಟ್ಟಲೆ ಹೀಗೆ ಓಡಿಹೋಗಲಾಗದವರನ್ನೇ ಕೇಳಿ ಕೇಳಿ, ಜಗತ್ತಿನಲ್ಲಿ ಎಲ್ಲರಿಗೂ ಪುರುಸೊತ್ತಿದೆ ಎಂಬ ನಂಬಿಕೆ ಅವರಲ್ಲಿ ಬೇರೂರಿಬಿಟ್ಟಿತ್ತು.

ಅವರನ್ನು ಕಟ್ಟಿಕೊಂಡ ನನ್ನ ಅಕ್ಕ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವಳು. ಭೂಪಟದಲ್ಲಿ ಬೆರಳಿಟ್ಟು ತೋರಿಸಿದ ದೇಶಗಳಲ್ಲಿ ಜನ ಹೇಗಿದ್ದಾರೆ ಎಂಬ ಚಿಂತೆ ಅವಳಿಗೆ ಹತ್ತಿಕೊಂಡಿತು. ಆ ಚಿಂತೆಯಿಂದ ಹುಟ್ಟಿದ್ದೇ ನಮ್ಮ ಬಳಗ. ತಿಂಗಳಿಗೊಂದು ಶನಿವಾರ ಸಂಜೆ, ನಗರಸಭೆ ಕಟ್ಟಡದ ಮಹಡಿಯ ಸಭಾಂಗಣದಲ್ಲಿ ಒಂದು ಸಾಕ್ಷ್ಯಚಿತ್ರ, ಆಮೇಲೆ ಬಲ್ಲವರಿಂದ ಒಂದು ಮಾತು. ಕರಗುವ ಹಿಮ, ಗಡಿ ದಾಟಿ ಬಂದವರು, ಗಣಿಯಲ್ಲಿ ದುಡಿಯುವ ಮಕ್ಕಳು, ಹೊಲಿಗೆ ಕಾರ್ಖಾನೆಯ ಹೆಂಗಸರು. ನಾನು ಟಿ.ವಿ. ರಿಪೇರಿಯವನಾದ್ದರಿಂದ ಪ್ರೊಜೆಕ್ಟರ್ ನನ್ನ ಪಾಲಿಗೆ ಬಂತು. ಅಕ್ಕ ಕಾರ್ಯದರ್ಶಿ. ಭಾವ ಪ್ರೇಕ್ಷಕ. ತೊಂದರೆ ಶುರುವಾಗಿದ್ದೇ ಅಲ್ಲಿ.

ಭಾವನವರದು ಯಾವಾಗಲೂ ಕೊನೆಯ ಪ್ರಶ್ನೆ. ಎಲ್ಲರೂ ಚಪ್ಪಲಿ ಹುಡುಕುವ ಹೊತ್ತಿಗೆ ಅವರು ಏಳುತ್ತಿದ್ದರು. ಮೊದಲು ಪೀಠಿಕೆ, ಆಮೇಲೆ ಮೂಲ ಪ್ರಶ್ನೆ, ಅದಕ್ಕೊಂದು ಉಪಪ್ರಶ್ನೆ, ಆ ಉಪಪ್ರಶ್ನೆಗೂ ಮಕ್ಕಳು ಮರಿ. ಹಿಮದ ಮೇಲೆ ಮಾತಾಡಲು ಬಂದ ವಿಜ್ಞಾನಿಯೊಬ್ಬರಿಗೆ, "ಭೂಮಿ ಬಿಸಿಯಾದ್ರೆ ಜನ ಕೂದಲು ಚಿಕ್ಕದಾಗಿ ಕತ್ತರಿಸ್ಕೋತಾರೆ. ಅಂದ್ರೆ ನಮಗೆ ಕೆಲಸ ಜಾಸ್ತಿ. ಈ ಲಾಭಾನ ನಾನು ಯಾವ ಮನಸ್ಸಿಂದ ತಗೊಳ್ಲಿ, ಹೇಳಿ?" ಎಂದು ಕೇಳಿದರು. ಜನ ನಕ್ಕರು. ಭಾವ ನಗಲಿಲ್ಲ, ಉತ್ತರಕ್ಕೆ ನಿಂತೇ ಇದ್ದರು. ಇನ್ನೊಬ್ಬ ಮಹನೀಯರು ಇವರ ಉಪಪ್ರಶ್ನೆಗಳ ದೆಸೆಯಿಂದ ರೈಲು ತಪ್ಪಿಸಿಕೊಂಡು ಅಕ್ಕನ ಮನೆಯಲ್ಲೇ ಉಳಿಯಬೇಕಾಯಿತು. ಬೆಳಗ್ಗೆ ಅವರಿಗೆ ಗಡ್ಡ ಹೆರೆಯುತ್ತ ಭಾವ ಉಳಿದದ್ದನ್ನೂ ಕೇಳಿ ಮುಗಿಸಿದರು.

ಕರೆದ ಭಾಷಣಕಾರರು ಒಬ್ಬೊಬ್ಬರಾಗಿ ನೆಪ ಹೇಳತೊಡಗಿದಾಗ ಸಮಿತಿ ಸಭೆ ಸೇರಿತು. ಅಧ್ಯಕ್ಷರು ನಿವೃತ್ತ ದಂತವೈದ್ಯರು. ತೆರೆದ ಬಾಯಿ ಮುಚ್ಚಿಸುವುದು ಅವರಿಗೆ ಒಗ್ಗದ ಕೆಲಸ.

"ಅವರಿಗೆ ಬರಬೇಡಿ ಅನ್ನೋಕಾಗಲ್ಲ. ಹಾವೂ ಸಾಯಬೇಕು, ಕೋಲೂ ಮುರೀಬಾರದು," ಎಂದರು.

ದಾರಿ ತೋರಿಸಿದವಳು ಅಕ್ಕನೇ. ನಮ್ಮ ಬಳಗದಲ್ಲೊಂದು ಪದ್ಧತಿ ಇತ್ತು. ವೇದಿಕೆಯ ಮೇಲೆ ಕೂತವರು ಪ್ರಶ್ನೆ ಕೇಳುವ ಹಾಗಿಲ್ಲ, ಪ್ರಶ್ನೆ ಕೆಳಗೆ ಕೂತವರ ಹಕ್ಕು. "ಅವರನ್ನ ಮೇಲೆ ಕೂರಿಸಿಬಿಡಿ," ಎಂದಳು ಅಕ್ಕ. "ವಂದನಾರ್ಪಣೆ ಕೊಡಿ. ಶಾಶ್ವತವಾಗಿ."

ಕಟ್ಟಿಕೊಂಡ ಹೆಂಡತಿಯೇ ಹೀಗೆ ಸಂಚು ಹೂಡಿದಳಲ್ಲ ಎಂದು ನನಗೆ ಭಾವನ ಮೇಲೆ ಮರುಕ ಹುಟ್ಟಿತು. ಆದರೂ ಕೈಯೆತ್ತಿ ಒಪ್ಪಿಗೆ ಕೊಟ್ಟೆ. ಅವರ ಪ್ರಶ್ನೆ ಮುಗಿಯದೆ ಪ್ರೊಜೆಕ್ಟರ್ ಹೊತ್ತು ಮೆಟ್ಟಿಲು ಇಳಿಯುವ ಹಾಗಿರಲಿಲ್ಲ, ನನ್ನ ಕಷ್ಟ ನನಗೆ.

ಭಾವ ಉಬ್ಬಿಹೋದರು. ಶನಿವಾರ ಮಧ್ಯಾಹ್ನವೇ ಅಂಗಡಿ ಮುಚ್ಚಿ ಇಸ್ತ್ರಿ ಅಂಗಿ ತೊಟ್ಟು ಕನ್ನಡಿಯ ಮುಂದೆ ಅಭ್ಯಾಸ ಮಾಡಿದರು. ವೇದಿಕೆಯ ಮೇಲೆ ಕೂತ ಮೇಲೆಯೇ ತಾವು ಬಿದ್ದ ಗುಂಡಿ ಯಾವುದೆಂದು ಅವರಿಗೆ ಹೊಳೆದದ್ದು. ಭಾಷಣಕಾರರು ಏನೋ ಹೇಳುತ್ತಾರೆ, ಭಾವನ ತುಟಿ ಅಲುಗುತ್ತದೆ, ಕುರ್ಚಿಯ ಅಂಚಿಗೆ ಸರಿಯುತ್ತಾರೆ, ಅಕ್ಕ ಮೊದಲ ಸಾಲಿನಿಂದ ಕಣ್ಣು ಬಿಡುತ್ತಾಳೆ, ಮತ್ತೆ ಹಿಂದಕ್ಕೆ. ಕೊನೆಯಲ್ಲಿ ಎದ್ದು ಎಲ್ಲರಿಗೂ ವಂದಿಸಿ, ಪ್ರಶ್ನೆಗಳನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಮನೆಗೆ ಹೋಗುತ್ತಿದ್ದರು. ಬಳಗ ನೆಮ್ಮದಿಯಿಂದ ಉಸಿರಾಡಿತು.

ಹೀಗಿರುವಾಗ ಒಂದು ಬೆಳಗ್ಗೆ ಭಾವನ ಅಂಗಡಿ ಸಾಲಿನ ಗೋಡೆಗಳ ಮೇಲೆ ಕೆಂಪು ಬಣ್ಣದ ಗೆರೆ ಬಂತು. ರಸ್ತೆ ಅಗಲ ಮಾಡಲು ಹೊರಟ ನಗರಸಭೆಯ ಗುರುತು. ಚಪ್ಪಲಿ ಹೊಲಿಯುವವರ ಅಂಗಡಿ, ಬೀಗ ರಿಪೇರಿ ಅಂಗಡಿ, ಹಳೇ ಪುಸ್ತಕದಂಗಡಿ, ಕೊನೆಗೆ ಭಾವನದು. ಗೆರೆ ಪಕ್ಕದ ಗೋಡೆಯ ಮೇಲೆ ಹಾದು, ಒಳಗಿನ ದೊಡ್ಡ ಕನ್ನಡಿಯ ನಡುಮಧ್ಯಕ್ಕೆ ಸರಿಯಾಗಿ ಬರುತ್ತಿತ್ತು. ಅದು ಅವರ ತಂದೆ ಕೂರಿಸಿದ ಕನ್ನಡಿ. ಅಂಗಡಿ ಹೋದರೆ ಅವರ ಕೈಯಲ್ಲಿ ಉಳಿಯುವುದು ಬಾಚಣಿಗೆ ಒಂದೇ. ಆ ವಾರ ಭಾವ ಗಿರಾಕಿಗಳನ್ನು ಏನೂ ಕೇಳಲಿಲ್ಲ. ಅವರು ಸುಮ್ಮನಿದ್ದದ್ದನ್ನು ನೋಡಿ ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಇತ್ತ ಬಳಗದ್ದೂ ಒಂದು ಸಂಕಟ. ಸಭಾಂಗಣವನ್ನು ನಮಗೆ ಇನ್ನೊಂದು ವರ್ಷ ಬಿಟ್ಟುಕೊಡಬೇಕೋ ಬೇಡವೋ ಎಂಬುದು ನಗರಸಭೆಯ ಆಯುಕ್ತರ ಕೈಯಲ್ಲಿತ್ತು. ಅವರನ್ನು ಒಲಿಸಿಕೊಳ್ಳಲು ಮುಂದಿನ ಶನಿವಾರಕ್ಕೆ ಅವರನ್ನೇ ಮುಖ್ಯ ಅತಿಥಿಯಾಗಿ ಕರೆದಾಗಿತ್ತು. ಚಿತ್ರವನ್ನು ಅಕ್ಕ ಗೆರೆ ಬೀಳುವ ಮೊದಲೇ ಆರಿಸಿದ್ದಳು: ದೂರದ ಬಂದರು ನಗರವೊಂದರಲ್ಲಿ ಅಂಗಡಿಯವರ ಬಾಯಿ ಮುಚ್ಚಿಸಿ ಬೀದಿಬದಿಯ ಅಂಗಡಿಗಳನ್ನು ಕೆಡವಿದ ಕಥೆ. ನಮ್ಮ ಗ್ರಹಚಾರ, ಬೇರೇನೂ ಅಲ್ಲ.

ಹಿಂದಿನ ದಿನ ನಾನು ಅವರ ಮನೆಗೆ ಹೋದಾಗ ಗಂಡ ಹೆಂಡತಿ ಅಡುಗೆಮನೆಯಲ್ಲಿ ಎದುರುಬದುರು ನಿಂತಿದ್ದರು.

"ನೋಡಿ, ನಾಳೆ ಅಲ್ಲಿ ಏನೂ ಕೇಳ್ಬೇಡಿ," ಎಂದಳು ಅಕ್ಕ. "ಸೋಮವಾರ ಇಬ್ಬರೂ ಅವರ ಆಫೀಸಿಗೆ ಹೋಗೋಣ. ಕೂತು ಮಾತಾಡೋಣ."

"ಚಪ್ಪಲಿಯವರು ಹೋಗಿದ್ರು. ಬಾಗಿಲಲ್ಲೇ ವಾಪಸ್ ಕಳಿಸಿದ್ರಂತೆ."

"ಹಾಲ್ ಹೋದ್ರೆ ಬಳಗ ಹೋದ ಹಾಗೇರೀ. ಎಷ್ಟು ವರ್ಷದ್ದು ಅದು. ಒಂದೇ ಒಂದು ಪ್ರಶ್ನೆ ಕೂಡ ಬೇಡ. ಮಾತು ಕೊಡಿ."

ಭಾವ ಒಲೆ ಆರಿಸಿದರು. "ಆಯ್ತು. ಪ್ರಶ್ನೆ ಕೇಳಲ್ಲ," ಎಂದರು.

ಸಭಾಂಗಣ ಕಿಕ್ಕಿರಿದಿತ್ತು, ಸಾಲಂಗಡಿಯವರೆಲ್ಲ ಬಂದಿದ್ದರು. ಚಿತ್ರದಲ್ಲಿ ಮುದುಕಿಯೊಬ್ಬಳು ಮುರಿದುಬಿದ್ದ ಅಂಗಡಿಯ ಅವಶೇಷದಲ್ಲಿ ತಕ್ಕಡಿ ಹುಡುಕುವಾಗ ಆಯುಕ್ತರು ಕರವಸ್ತ್ರ ತೆಗೆದರು. ಅದು ನಟನೆಯಾಗಿರಲಿಲ್ಲ. ಪ್ರೊಜೆಕ್ಟರಿನ ಬೆಳಕಿನಲ್ಲಿ ನಾನು ಕಂಡೆ, ಮನುಷ್ಯ ಮನಸಾರೆ ಅತ್ತರು. ದಿನಕ್ಕೆ ನೂರು ಕಾಗದಕ್ಕೆ ಸಹಿ ಹಾಕುವವರಿಗೆ ಯಾವ ಸಹಿ ಯಾರ ತಲೆಯ ಮೇಲೆ ಬೀಳುತ್ತದೆಂದು ಹೇಗೆ ನೆನಪಿರಬೇಕು! ಎದ್ದು ನಿಂತು, "ಬಡವನ ಅಂಗಡಿ ಕೆಡವಿ ಮಾಡುವ ಅಭಿವೃದ್ಧಿ ಯಾರಿಗೆ ಬೇಕು?" ಎಂದರು. ಸಾಲಂಗಡಿಯವರು ಮುಖ ಮುಖ ನೋಡಿಕೊಂಡರು. ಅಕ್ಕ ಗಡಿಬಿಡಿಯಿಂದ ವಂದನಾರ್ಪಣೆಗೆ ಕರೆದಳು.

ಭಾವ ಮೈಕಿನ ಎತ್ತರ ಸರಿಮಾಡಿಕೊಂಡರು.

"ಮಾನ್ಯ ಆಯುಕ್ತರಿಗೆ ವಂದನೆಗಳು. ಅಂಗಡಿಯವರಿಗೋಸ್ಕರ ಕಣ್ಣೀರು ಹಾಕಿದ್ದಕ್ಕೆ."

ಆಯುಕ್ತರು ತಲೆದೂಗಿದರು. ವಂದನೆಗೆ ತಲೆದೂಗುವುದು ಅತಿಥಿಯ ಧರ್ಮ.

"ಅಂಥ ಅಭಿವೃದ್ಧಿ ಯಾರಿಗೆ ಬೇಕು ಅಂತ ನಮ್ಮ ಪರವಾಗಿ ಅವರೇ ಕೇಳಿದ್ದಕ್ಕೆ ವಂದನೆಗಳು. ನಮಗೆ ಕೇಳೋ ಕೆಲಸ ಉಳೀಲಿಲ್ಲ."

ಮತ್ತೆ ತಲೆದೂಗಿದರು.

"ಹಳೇ ಮಾರುಕಟ್ಟೆ ಹಿಂದಿನ ಸಾಲಂಗಡಿಗಳಿಗೆ ಕೆಂಪು ಗೆರೆ ಎಳೆದ ಪೇಂಟರಿಗೂ ವಂದನೆಗಳು. ಎಷ್ಟು ನೇರವಾದ ಗೆರೆ! ನನ್ನ ಅಂಗಡಿ ಕನ್ನಡೀನ ಸರಿಯಾಗಿ ಎರಡು ಭಾಗ ಮಾಡಿದ್ದಾನೆ. ಇನ್ಮುಂದೆ ಗಿರಾಕಿಗಳಿಗೆ ಅರ್ಧ ಮುಖ ಮಾತ್ರ ಕಾಣುತ್ತೆ, ಅರ್ಧ ಮುಖದ್ದೇ ಕ್ಷೌರ ಮಾಡ್ತೀನಿ."

ಅರ್ಧ ತೂಗಿದ ತಲೆ ಅಲ್ಲೇ ನಿಂತಿತು. ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಅಕ್ಕನ ಮುಂದೆ ಮೇಜಿನ ಮೇಲೆ ಭಾಷಣಕಾರರ ಬಾಯಿ ಕಟ್ಟುವ ಗಂಟೆ ಇತ್ತು. ಅದನ್ನು ಬಾರಿಸಿ ಅವಳು ದೊಡ್ಡ ದೊಡ್ಡ ಪ್ರೊಫೆಸರುಗಳನ್ನು ಕೂರಿಸಿದವಳು. ಈಗ ಅವಳ ಕೈ ಗಂಟೆಯ ಮೇಲಿತ್ತು. ಬಾರಿಸಿದರೆ ಸಭಾಂಗಣ ಉಳಿಯುತ್ತಿತ್ತು. ಅಧ್ಯಕ್ಷರು ಬಾರಿಸು ಎಂದು ಕಣ್ಣಲ್ಲೇ ಅಂಗಲಾಚಿದರು. ಅಕ್ಕ ಗಂಡನನ್ನೇ ನೋಡುತ್ತಿದ್ದಳು.

"ಕೊನೆಯದಾಗಿ," ಎಂದರು ಭಾವ. "ಆ ಗೆರೇನ ಸ್ವತಃ ಬಂದು ನೋಡ್ತೀನಿ ಅಂತ ಆಯುಕ್ತರು ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದಕ್ಕೆ ಮುಂಚಿತವಾಗಿ ವಂದನೆಗಳು. ಇಂಥವರು ಎಲ್ಲೋ ದೂರದಲ್ಲಿ ಇರ್ತಾರೆ ಅಂದ್ಕೊಂಡಿದ್ವಿ. ನಮ್ಮೂರಲ್ಲೇ ಇದ್ದಾರೆ."

ಚಪ್ಪಾಳೆ ಎಂದರೆ ಚಪ್ಪಾಳೆ. ಚಪ್ಪಲಿಯವರಂತೂ ಎದ್ದು ನಿಂತು ಹೊಡೆದರು. ಆಯುಕ್ತರಿಗೆ ಬಿಸಿತುಪ್ಪ, ನುಂಗುವಂತಿಲ್ಲ ಉಗುಳುವಂತಿಲ್ಲ. ಅಷ್ಟು ಜನರ ಮುಂದೆ, ಹಸಿ ಕರವಸ್ತ್ರ ಕೈಯಲ್ಲೇ ಇರುವಾಗ, ಇಲ್ಲ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ನಿಧಾನವಾಗಿ ತಲೆದೂಗಿದರು. ಭಾವ ಎಲ್ಲರಿಗೂ ಕೈಮುಗಿದು ಕೂತರು. ಕೊಟ್ಟ ಮಾತಿಗೆ ತಪ್ಪಿರಲಿಲ್ಲ, ಅವರು ಒಂದೂ ಪ್ರಶ್ನೆ ಕೇಳಿರಲಿಲ್ಲ.

ಸೋಮವಾರ ಆಯುಕ್ತರು ಬಂದರು. ಕನ್ನಡಿಯ ಮುಂದೆ ನಿಂತರು, ಗೆರೆ ನೋಡಿದರು, ಎದುರು ಬದಿಗೆ ತಿರುಗಿ ನಗರಸಭೆಯ ಗಾಡಿಗಳನ್ನು ನಿಲ್ಲಿಸುವ ಖಾಲಿ ಜಾಗವನ್ನೂ ನೋಡಿದರು. ರಸ್ತೆ ಆ ಕಡೆಗೆ ಸರಿಯಿತು. ಸಾಲಂಗಡಿಗಳ ಮುಂದಿನ ಮೆಟ್ಟಿಲು ಮಾತ್ರ ಹೋಯಿತು, ಅಂಗಡಿಗಳು ಉಳಿದವು.

ಮರುವಾರ ನಮಗೆ ತಿಳಿಸಲಾಯಿತು: ಸಭಾಂಗಣ ರಿಪೇರಿಯಲ್ಲಿದೆ, ಇನ್ನು ಸಿಗುವುದಿಲ್ಲ. ರಿಪೇರಿಯಿಂದಲೇ ಅನ್ನ ತಿನ್ನುವವನು ನಾನು. ಆ ಸಭಾಂಗಣದಲ್ಲಿ ಒಂದು ಬಲ್ಬೂ ಕೆಟ್ಟಿರಲಿಲ್ಲ. ಅಳುವಷ್ಟು ಒಳ್ಳೆಯವರಾಗಿದ್ದ ಆಯುಕ್ತರು ಮರೆಯುವಷ್ಟು ಒಳ್ಳೆಯವರಾಗಿರಲಿಲ್ಲ.

ಅಕ್ಕ ಗಂಡನ ಜೊತೆ ಮಾತು ಬಿಟ್ಟಳು. ತಟ್ಟೆ ಇಡುವ ಸದ್ದಿನಲ್ಲೇ ಎಲ್ಲ ತಿಳಿಸುತ್ತಿದ್ದಳು. ನಾನು ಊಟಕ್ಕೆ ಹೋಗಿದ್ದ ದಿನ ಭಾವ ತಡೆಯಲಾರದೆ ಬಾಯಿಬಿಟ್ಟರು.

"ಅಷ್ಟು ಕೋಪ ಇದ್ರೆ ಆವತ್ತೇ ಗಂಟೆ ಬಾರಿಸಬಹುದಿತ್ತು."

"ಬಾರಿಸಬಹುದಿತ್ತು," ಎಂದಳು ಅಕ್ಕ. ನೀರು ತುಂಬಿದ ಲೋಟ ಅವರ ಮುಂದೆ ಕುಕ್ಕಿದಳು. "ಆ ದೇಶದ ಮುದುಕಿ ಬಾಯಿ ಕಟ್ಟಿದ್ರು ಅಂತ ಇಡೀ ಊರಿಗೆ ಸಿನಿಮಾ ತೋರ್ಸಿ, ಎರಡೇ ನಿಮಿಷಕ್ಕೆ ನಾನೇ ನಿಮ್ಮ ಬಾಯಿ ಕಟ್ಟಿದ್ರೆ? ಆಮೇಲೆ ಯಾವ ಮುಖ ಇಟ್ಕೊಂಡು ಇನ್ನೊಂದು ಸಿನಿಮಾ ತೋರಿಸ್ಲಿ?" ಅವಳ ಕಣ್ಣು ತುಂಬಿತು. "ಆದ್ರೂ ನನ್ನ ಹಾಲ್ ಹೋಯ್ತು ಅನ್ನೋ ಸಿಟ್ಟು ಇದ್ದೇ ಇದೆ. ಅದನ್ನ ಯಾರ ಮೇಲೆ ತೀರಿಸ್ಕೊಳ್ಲಿ? ನೀವಿದ್ದೀರಿ."

"ತೀರಿಸ್ಕೊ," ಎಂದರು ಭಾವ. "ಶನಿವಾರ ಅಂಗಡಿ ಖಾಲಿ ಮಾಡ್ಕೊಡ್ತೀನಿ. ಅಲ್ಲೇ ತೋರಿಸು."

ಹಾಗೆ ನಮ್ಮ ಬಳಗ ಕ್ಷೌರದಂಗಡಿಗೆ ಬಂತು. ಅಂಗಡಿಯ ಒಳಗೆ ಹಿಡಿಯದವರು ರಸ್ತೆಯ ಮೇಲೆ ಸ್ಟೂಲು ಹಾಕಿಕೊಂಡರು. ಪರದೆಯ ಬಿಂಬ ಕನ್ನಡಿಯಲ್ಲಿಯೂ ಬೀಳುತ್ತಿದ್ದುದರಿಂದ ಅರ್ಧ ಜನ ಜಗತ್ತನ್ನು ತಿರುವುಮುರುವಾಗಿ ನೋಡಿದರು. ಅಧ್ಯಕ್ಷರು ಗಿರಾಕಿಯ ಕುರ್ಚಿಯಲ್ಲಿ ಒರಗಿ ಅಭ್ಯಾಸಬಲದಿಂದ ನಿದ್ದೆ ಹೋದರು. ಮೀನುಗಾರರ ಬಗ್ಗೆ ಚಿತ್ರ, ಆಮೇಲೆ ಮಾತಾಡಲು ದೂರದಿಂದ ಬಂದ ಯುವತಿ. ಭಾವ ಇಸ್ತ್ರಿ ಅಂಗಿ ತೊಟ್ಟು ಪರದೆಯ ಪಕ್ಕದಲ್ಲಿ ತಮಗಾಗಿ ಒಂದು ಕುರ್ಚಿ ಹಾಕಿಕೊಳ್ಳುತ್ತಿದ್ದರು.

ಅಕ್ಕ ಆ ಕುರ್ಚಿಯನ್ನು ಅವರ ಕೈಯಿಂದ ಕಿತ್ತುಕೊಂಡಳು.

"ಇವತ್ತಿಂದ ವಂದನಾರ್ಪಣೆ ನಾನೇ ಮಾಡ್ತೀನಿ," ಎಂದಳು. "ನೀವು ಕೆಳಗೆ ಹೋಗಿ ಕೂತ್ಕೊಳ್ಳಿ."

ಭಾವ ಅವಳ ಮುಖವನ್ನೊಮ್ಮೆ ನೋಡಿದರು. ಆಮೇಲೆ ಜನರ ನಡುವೆ ಜಾಗ ಮಾಡಿಕೊಂಡು, ಬೀಗದಂಗಡಿಯವರ ಪಕ್ಕದಲ್ಲಿ, ನೆಲದ ಮೇಲೆ ಕೂತರು.